ಒಯು ಮೇಲಿನ ಜಿಪಿಒದಲ್ಲಿ 14 ಅಕ್ಷರ ಎಂದಿದ್ದರೂ 8 ಅಕ್ಷರದ ಪಾಸ್‌ವರ್ಡ್ ಒಪ್ಪುತ್ತಿದೆ, ಯಾಕೆ?

ಕೇಬಲ್_ಗಂಟು ಕೇಳಿದ್ದು:

ನಮಸ್ಕಾರ. ಸುಮಾರು 140 ಕಂಪ್ಯೂಟರ್‌ಗಳ ಆಫೀಸು, ಒಂದೇ ಡೊಮೈನ್, ವಿಂಡೋಸ್ ಸರ್ವರ್ 2019ರ ಎರಡು ಡೊಮೈನ್ ಕಂಟ್ರೋಲರ್ (ಡಿಸಿ, ಅಂದರೆ ಖಾತೆಗಳನ್ನು ಇಟ್ಟುಕೊಂಡು ಲಾಗಿನ್ ಪರಿಶೀಲಿಸುವ ಸರ್ವರ್). ಡಿಫಾಲ್ಟ್ ಡೊಮೈನ್ ಪಾಲಿಸಿಯಲ್ಲಿ ಕನಿಷ್ಠ 8 ಅಕ್ಷರ, ಕಾಂಪ್ಲೆಕ್ಸಿಟಿ (ಬೇರೆ ಬೇರೆ ಬಗೆಯ ಅಕ್ಷರ ಬೆರೆಸಬೇಕೆಂಬ ನಿಯಮ) ಆನ್, ಗರಿಷ್ಠ ಅವಧಿ 0. ಅಂದರೆ ಯಾರ ಪಾಸ್‌ವರ್ಡೂ ಎಂದೂ ಎಕ್ಸ್‌ಪೈರ್ ಆಗುವುದಿಲ್ಲ.

ಅಕೌಂಟ್ಸ್ ಸೆಕ್ಷನ್‌ನವರಿಗೆ ಮಾತ್ರ ಬಿಗಿ ಮಾಡಬೇಕು ಎಂದು ಆಡಿಟ್‌ನಲ್ಲಿ ಬರೆದಿದ್ದಾರೆ: 14 ಅಕ್ಷರ, 90 ದಿನ, 5 ಸಲ ತಪ್ಪಾದರೆ ಲಾಕ್. ಅವರ ಕಂಪ್ಯೂಟರ್‌ಗಳೂ ಯೂಸರ್‌ಗಳೂ ಒಂದೇ ಒಯುನಲ್ಲಿವೆ (ಆರ್ಗನೈಸೇಶನಲ್ ಯೂನಿಟ್, ಡೊಮೈನ್‌ನೊಳಗಿನ ಫೋಲ್ಡರ್ ಇದ್ದಂತೆ). ಆ ಒಯುಗೆ ಹೊಸ ಜಿಪಿಒ (ಗ್ರೂಪ್ ಪಾಲಿಸಿ ಆಬ್ಜೆಕ್ಟ್, ಸೆಟ್ಟಿಂಗ್‌ಗಳ ಕಟ್ಟು) ಲಿಂಕ್ ಮಾಡಿ, ಪಾಸ್‌ವರ್ಡ್ ಪಾಲಿಸಿ ತುಂಬಿ, 'ಜಿಪಿಅಪ್‌ಡೇಟ್ /ಫೋರ್ಸ್' (ಜಿಪಿಒಗಳನ್ನು ತಕ್ಷಣ ಮತ್ತೆ ಓದಿಸುವ ಕಮಾಂಡ್) ಕೊಟ್ಟಾಗಿದೆ. ಜಿಪಿರಿಸಲ್ಟ್ ರಿಪೋರ್ಟ್‌ನಲ್ಲಿ ಜಿಪಿಒ ಅಪ್ಲೈಡ್ ಎಂದೇ ಇದೆ. ಆದರೂ ಆ ಸೆಕ್ಷನ್‌ನವರು ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ 8 ಅಕ್ಷರದ ಪಾಸ್‌ವರ್ಡ್ ಇಟ್ಟರೆ ತಕರಾರಿಲ್ಲದೆ ಒಪ್ಪುತ್ತದೆ. ಜಿಪಿಒ ಅಪ್ಲೈ ಆಗಿದ್ದರೆ ನಿಯಮ ಯಾಕೆ ಹಿಡಿಯುತ್ತಿಲ್ಲ?

ಡಿಸಿ_ಕಾವಲು:

ನಿಯಮ ಹಿಡಿದಿದೆ, ಆದರೆ ನೀವು ಅಂದುಕೊಂಡ ಖಾತೆಗಳಿಗೆ ಅಲ್ಲ.

ಪಾಸ್‌ವರ್ಡ್ ಪಾಲಿಸಿ ಇರುವುದು ಜಿಪಿಒದ 'ಕಂಪ್ಯೂಟರ್ ಕಾನ್ಫಿಗರೇಶನ್' ಕೆಳಗೆ. 'ಯೂಸರ್ ಕಾನ್ಫಿಗರೇಶನ್' ಕಡೆ ಅದು ಇಲ್ಲವೇ ಇಲ್ಲ. ಅಂದಮೇಲೆ ಅದನ್ನು ಓದುವುದು ಕಂಪ್ಯೂಟರ್, ಓದಿದ ಮೇಲೆ ತನ್ನಲ್ಲಿರುವ ಖಾತೆಗಳಿಗೆ ಹಾಕಿಕೊಳ್ಳುತ್ತದೆ. ಅಕೌಂಟ್ಸ್ ಸೆಕ್ಷನ್‌ನ ಪಿಸಿಯೊಳಗೆ ಇರುವ ಖಾತೆಗಳು ಯಾವುವು? ಅದರ ಲೋಕಲ್ ಅಡ್ಮಿನಿಸ್ಟ್ರೇಟರ್, ಯಾರಾದರೂ ಮಾಡಿಟ್ಟ ಲೋಕಲ್ ಯೂಸರ್, ಅಷ್ಟೇ. ಈಗ ಅವುಗಳಿಗೆ 14 ಅಕ್ಷರದ ನಿಯಮ ಜಾರಿಯಲ್ಲಿದೆ. ಬೇಕಿದ್ದರೆ ಒಂದು ಪಿಸಿಯಲ್ಲಿ ಲೋಕಲ್ ಯೂಸರ್ ಮಾಡಿ 8 ಅಕ್ಷರ ಕೊಟ್ಟು ನೋಡಿ, ತಿರಸ್ಕರಿಸುತ್ತದೆ.

ಡೊಮೈನ್ ಯೂಸರ್‌ನ ಖಾತೆ ಆ ಪಿಸಿಯಲ್ಲಿ ಇಲ್ಲ, ಡಿಸಿಯಲ್ಲಿದೆ. ಅವರು ಯಾವ ಪಿಸಿಯ ಮುಂದೆ ಕೂತು ಪಾಸ್‌ವರ್ಡ್ ಬದಲಿಸಿದರೂ ವಿನಂತಿ ಹೋಗುವುದು ಡಿಸಿಗೆ, ಉದ್ದ ಅಳೆಯುವುದೂ ಡಿಸಿಯೇ. ಡಿಸಿ ಆ ಕ್ಷಣಕ್ಕೆ ಯಾವ ಜಿಪಿಒವನ್ನೂ ತೆರೆದು ನೋಡುವುದಿಲ್ಲ. ಡೊಮೈನ್ ಆಬ್ಜೆಕ್ಟ್‌ನ ಮೇಲೆಯೇ ಬರೆದಿಟ್ಟ ಕೆಲವು ಅಟ್ರಿಬ್ಯೂಟ್‌ಗಳನ್ನು ನೋಡುತ್ತದೆ: ಕನಿಷ್ಠ ಉದ್ದ, ಗರಿಷ್ಠ ಅವಧಿ, ಹಿಸ್ಟರಿ (ಹಿಂದಿನ ಎಷ್ಟು ಪಾಸ್‌ವರ್ಡ್ ಮತ್ತೆ ಬಳಸುವಂತಿಲ್ಲ ಎಂಬುದು), ಲಾಕೌಟ್ ಮಿತಿ. ಅವುಗಳನ್ನು ಅಲ್ಲಿಗೆ ಬರೆಯುವುದು ಪಿಡಿಸಿ ಎಮ್ಯುಲೇಟರ್ ಪಾತ್ರ (ಡೊಮೈನ್‌ನಲ್ಲಿ ಒಂದೇ ಡಿಸಿಗೆ ಇರುವ ವಿಶೇಷ ಹೊಣೆ) ಹೊತ್ತ ಡಿಸಿ, ಅದೂ ಡೊಮೈನ್‌ನ ಬೇರಿಗೆ (ಎಲ್ಲ ಒಯುಗಳ ಮೇಲಿನ ಮಟ್ಟಕ್ಕೆ) ಲಿಂಕ್ ಆದ ಜಿಪಿಒಗಳಿಂದ ಮಾತ್ರ ತೆಗೆದುಕೊಂಡು. ಒಯುಗೆ ಲಿಂಕ್ ಮಾಡಿದ ಪಾಸ್‌ವರ್ಡ್ ಪಾಲಿಸಿಗೆ ಡೊಮೈನ್ ಖಾತೆಗಳ ವಿಷಯದಲ್ಲಿ ಕವಡೆ ಕಿಮ್ಮತ್ತಿಲ್ಲ. ಲಾಕೌಟ್ ಪಾಲಿಸಿಗೂ ಇದೇ ಮಾತು.

ಕಣ್ಣಾರೆ ನೋಡಲು ಒಂದೇ ಪಿಸಿಯಲ್ಲಿ ಎರಡು ಕಮಾಂಡ್ ಕೊಡಿ. 'ನೆಟ್ ಅಕೌಂಟ್ಸ್' ಎಂದರೆ ಆ ಪಿಸಿಯ ಲೋಕಲ್ ನಿಯಮ ಬರುತ್ತದೆ, ನಿಮ್ಮಲ್ಲಿ 14 ತೋರಿಸಬೇಕು. 'ನೆಟ್ ಅಕೌಂಟ್ಸ್ /ಡೊಮೈನ್' ಎಂದರೆ ಡೊಮೈನ್‌ನದು, ಅಲ್ಲಿ 8.

ಒಂದು ಡೊಮೈನ್‌ನಲ್ಲಿ ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ನಿಯಮ ಬೇಕೆಂದರೆ ಇರುವ ದಾರಿ ಫೈನ್-ಗ್ರೇನ್ಡ್ ಪಾಸ್‌ವರ್ಡ್ ಪಾಲಿಸಿ. ಸರ್ವರ್ 2008ರಿಂದ ಇದೆ. ಅದಕ್ಕೂ ಮೊದಲು ಹೀಗೆ ಬೇಕೆಂದರೆ ಇನ್ನೊಂದು ಡೊಮೈನನ್ನೇ ಕಟ್ಟಬೇಕಿತ್ತು.

ಬಯಲುಸೀಮೆ_ಅಡ್ಮಿನ್:

ಮೇಲಿನವರು ಹೇಳಿದ್ದು ಖರೆ. ಇನ್ನೊಂದು ನೋಡ್ರಿ, ಮುಂದೆ ಡೊಮೈನ್ ಮಟ್ಟದಾಗ 8 ಇದ್ದದ್ದನ್ನ 10 ಮಾಡಾಕ ಹೋದಾಗ ಸಿಕ್ಕೊಳ್ಳೋ ಜಾಗ ಇದು. 'ಡೊಮೈನ್ ಕಂಟ್ರೋಲರ್ಸ್' ಒಯು ಮ್ಯಾಲೆ ಯಾರಾದ್ರೂ 'ಬ್ಲಾಕ್ ಇನ್ಹೆರಿಟೆನ್ಸ್' ಹಾಕಿದ್ರ, ಬೇರಿನ ಜಿಪಿಒ ಪಿಡಿಸಿ ಎಮ್ಯುಲೇಟರ್‌ತನಕ ಮುಟ್ಟಂಗಿಲ್ಲ. ಮುಟ್ಟಲಿಲ್ಲಂದ್ರ ಡೊಮೈನ್ ಆಬ್ಜೆಕ್ಟ್‌ದಾಗ ಹಳೇ ನಂಬರೇ ಕುಂತಿರ್ತದ. ಜಿಪಿಒ ಎಡಿಟರ್‌ನಾಗ ಹೊಸದು ಕಾಣ್ತದ, 'ನೆಟ್ ಅಕೌಂಟ್ಸ್ /ಡೊಮೈನ್' ಹಳೇದು ಹೇಳ್ತದ.

ಪಿಡಿಸಿ ಪಾತ್ರ ಯಾವ ಡಿಸಿ ಮ್ಯಾಲೆ ಅದ ಅಂತ 'ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ' ಹೇಳ್ತದ. ಡಿಸಿಗಳು 5 ನಿಮಿಷಕ್ಕೊಮ್ಮೆ ಜಿಪಿಒ ರಿಫ್ರೆಶ್ ಮಾಡ್ಕೋತಾವ, ಅದಕ್ಕ ಬದಲಿಸಿದ ಮ್ಯಾಲೆ 140 ಪಿಸಿಗೂ 'ಜಿಪಿಅಪ್‌ಡೇಟ್' ಹೊಡೀತಾ ಕೂಡೋದು ಬ್ಯಾಡ. ಅವಸರ ಇದ್ರ ಪಿಡಿಸಿ ಒಂದರ ಮ್ಯಾಲೆ ಹೊಡೀರಿ, ಸಾಕು.

ಮತ್ತ ಆ ಒಯು ಜಿಪಿಒದಾಗಿನ ಪಾಸ್‌ವರ್ಡ್ ಭಾಗ ತಗದು ಹಾಕ್ರಿ. ಲೋಕಲ್ ಖಾತೆಗೆ ಅಂತ ಬೇಕಾಗೇ ಇಟ್ಟಿದ್ರ ಬಿಡ್ರಿ, ಆದ್ರ ಹೆಸರಿನಾಗ 'ಲೋಕಲ್' ಅಂತ ಸೇರಿಸ್ರಿ. ಇಲ್ಲಾಂದ್ರ ಮುಂದ ಬರೋ ಅಡ್ಮಿನ್ ಇದೇ ಪ್ರಶ್ನೆ ಮತ್ತ ಕೇಳ್ತಾನ.

ಪ್ಯಾಚ್_ಪ್ಯಾನೆಲ್:

ಫೈನ್-ಗ್ರೇನ್ಡ್ ಪಾಲಿಸಿ ಮಾಡುವ ಕ್ರಮ ಬರೆಯುತ್ತೇನೆ. ಸರ್ವರ್ 2012ರಿಂದ ಇದಕ್ಕೆ ಗ್ರಾಫಿಕಲ್ ಪರದೆ ಇದೆ, ಆ್ಯಕ್ಟಿವ್ ಡೈರೆಕ್ಟರಿಯನ್ನು (ಡೊಮೈನ್‌ನ ಖಾತೆಗಳ ಕೋಶ) ಕೈಯಾರೆ ತಿದ್ದುವ ಎಡಿಎಸ್‌ಐ ಎಡಿಟ್‌ನಲ್ಲಿ ಒದ್ದಾಡುವ ಕಾಲ ಹೋಯಿತು.

ಮೊದಲು ಒಂದು ಸೆಕ್ಯುರಿಟಿ ಗ್ರೂಪ್ ಮಾಡಿ. ಸ್ಕೋಪ್ 'ಗ್ಲೋಬಲ್' ಆಗಿರಲೇಬೇಕು. ಡೊಮೈನ್ ಲೋಕಲ್, ಯೂನಿವರ್ಸಲ್ ಗ್ರೂಪ್‌ಗೆ ಇದು ಕೆಲಸ ಮಾಡುವುದಿಲ್ಲ. ಒಯುಗೆ ನೇರವಾಗಿ ಹಾಕುವುದಂತೂ ಸಾಧ್ಯವೇ ಇಲ್ಲ, ಗುರಿ ಯೂಸರ್ ಅಥವಾ ಗ್ಲೋಬಲ್ ಗ್ರೂಪ್ ಮಾತ್ರ. ಒಯುನಲ್ಲಿರುವ ಎಲ್ಲರನ್ನೂ ಆ ಗ್ರೂಪ್‌ಗೆ ಸೇರಿಸಿ. ಹೊಸಬರು ಸೇರಿದಾಗ, ಇದ್ದವರಿಗೆ ವರ್ಗವಾದಾಗ ಗ್ರೂಪನ್ನೂ ಬದಲಿಸುವ ಹೊಣೆ ಯಾರದು ಎಂದು ಈಗಲೇ ಗೊತ್ತು ಮಾಡಿ. ಒಯು ಬದಲಾದರೆ ಗ್ರೂಪ್ ತಾನಾಗಿ ಬದಲಾಗುವುದಿಲ್ಲ, ಆರು ತಿಂಗಳಲ್ಲಿ ಪಟ್ಟಿ ಹಳಸುವುದು ಇಲ್ಲೇ.

ನಂತರ 'ಆ್ಯಕ್ಟಿವ್ ಡೈರೆಕ್ಟರಿ ಅಡ್ಮಿನಿಸ್ಟ್ರೇಟಿವ್ ಸೆಂಟರ್' ತೆರೆದು ಡೊಮೈನ್ ಹೆಸರು, 'ಸಿಸ್ಟಮ್', 'ಪಾಸ್‌ವರ್ಡ್ ಸೆಟ್ಟಿಂಗ್ಸ್ ಕಂಟೇನರ್'ಗೆ ಹೋಗಿ. ಬಲಗಡೆ 'ನ್ಯೂ', 'ಪಾಸ್‌ವರ್ಡ್ ಸೆಟ್ಟಿಂಗ್ಸ್'. ಹೆಸರು, ಪ್ರಿಸಿಡೆನ್ಸ್, ಉದ್ದ, ಹಿಸ್ಟರಿ, ಅವಧಿ, ಲಾಕೌಟ್ ತುಂಬಿ, ಕೆಳಗೆ 'ಡೈರೆಕ್ಟ್ಲಿ ಅಪ್ಲೈಸ್ ಟು' ಜಾಗದಲ್ಲಿ ಗ್ರೂಪ್ ಸೇರಿಸಿ, ಓಕೆ. ಹೀಗೆ ಹುಟ್ಟುವ ವಸ್ತುವನ್ನೇ ಪಿಎಸ್‌ಒ (ಪಾಸ್‌ವರ್ಡ್ ಸೆಟ್ಟಿಂಗ್ಸ್ ಆಬ್ಜೆಕ್ಟ್) ಎನ್ನುವುದು.

ಜನ ಎಡವುವುದು ಮುಖ್ಯವಾಗಿ ಲಾಕೌಟ್ ಕಾಲಂನಲ್ಲಿ. ಪಿಎಸ್‌ಒ ಡೊಮೈನ್ ನಿಯಮದ ಜೊತೆ ಬೆರೆಯುವುದಿಲ್ಲ, ಅದನ್ನು ಪೂರ್ತಿ ಬದಲಿಸುತ್ತದೆ. 'ಉದ್ದ ಮಾತ್ರ ಇಲ್ಲಿಂದ, ಲಾಕೌಟ್ ಡೊಮೈನ್‌ನಿಂದ ಬರಲಿ' ಎಂದು ಲಾಕೌಟ್ ಚೆಕ್‌ಬಾಕ್ಸ್ ಖಾಲಿ ಬಿಟ್ಟರೆ ಆ ಗುಂಪಿಗೆ ಲಾಕೌಟೇ ಇರುವುದಿಲ್ಲ. ಆಫೀಸಿನಲ್ಲಿ ಯಾರಿಗೆ ಹೆಚ್ಚು ಕಾವಲು ಬೇಕೋ ಅವರ ಖಾತೆಯ ಮೇಲೇ ಎಷ್ಟು ಸಲ ಬೇಕಾದರೂ ಪಾಸ್‌ವರ್ಡ್ ಊಹಿಸಬಹುದು ಎಂದಾಯಿತು. ಲಾಕೌಟ್ ಅವಧಿಯು ತಪ್ಪು ಎಣಿಕೆಯ ಅವಧಿಗಿಂತ ಕಡಿಮೆ ಇರುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಿಸಿಡೆನ್ಸ್‌ನಲ್ಲಿ ಚಿಕ್ಕ ಸಂಖ್ಯೆ ಗೆಲ್ಲುತ್ತದೆ. ಒಬ್ಬರು ಎರಡು ಗ್ರೂಪ್‌ನಲ್ಲಿದ್ದು ಒಂದಕ್ಕೆ 10, ಇನ್ನೊಂದಕ್ಕೆ 20 ಇದ್ದರೆ 10ರದ್ದು ನಡೆಯುತ್ತದೆ. ಯೂಸರ್‌ಗೆ ನೇರವಾಗಿ ಹಚ್ಚಿದ ಪಿಎಸ್‌ಒ ಇದ್ದರೆ ಗ್ರೂಪ್ ಮೂಲಕ ಬಂದದ್ದನ್ನು ಕೇಳುವುದೇ ಇಲ್ಲ, ಸಂಖ್ಯೆ ಏನೇ ಇರಲಿ. ಸಂಖ್ಯೆಗಳನ್ನು 10, 20, 30 ಎಂದು ನಡುವೆ ಜಾಗ ಬಿಟ್ಟು ಕೊಡಿ.

ಯಾರಿಗೆ ಯಾವುದು ನಡೆಯುತ್ತಿದೆ ಎಂದು ನೋಡಲು ಅದೇ ಅಡ್ಮಿನಿಸ್ಟ್ರೇಟಿವ್ ಸೆಂಟರ್‌ನಲ್ಲಿ ಯೂಸರ್ ಆರಿಸಿ 'ವ್ಯೂ ರಿಸಲ್ಟಂಟ್ ಪಾಸ್‌ವರ್ಡ್ ಸೆಟ್ಟಿಂಗ್ಸ್' ಒತ್ತಿ. ಪವರ್‌ಶೆಲ್‌ನಲ್ಲಾದರೆ 'ಗೆಟ್-ಎಡಿಯೂಸರ್‌ರಿಸಲ್ಟಂಟ್‌ಪಾಸ್‌ವರ್ಡ್‌ಪಾಲಿಸಿ'. ಉತ್ತರ ಖಾಲಿ ಬಂದರೆ ಪಿಎಸ್‌ಒ ಇಲ್ಲ, ಡೊಮೈನ್ ನಿಯಮವೇ ನಡೆಯುತ್ತಿದೆ ಎಂದರ್ಥ. ಆದರೆ ಡೊಮೈನ್ ಅಡ್ಮಿನ್ ಆಗಿಯೇ ಓಡಿಸಿ. ಸಾಮಾನ್ಯ ಖಾತೆಗೆ ಪಿಎಸ್‌ಒ ಓದುವ ಹಕ್ಕು ಮೊದಲಿಂದ ಇರುವುದಿಲ್ಲ.

ಇದಕ್ಕೆ 'ಜಿಪಿಅಪ್‌ಡೇಟ್' ಬೇಕಿಲ್ಲ, ಯೂಸರ್ ಲಾಗಾಫ್ ಆಗುವುದೂ ಬೇಕಿಲ್ಲ. ಎರಡು ಡಿಸಿ ಒಂದೇ ಸೈಟ್‌ನಲ್ಲಿದ್ದರೆ ರೆಪ್ಲಿಕೇಶನ್ (ಒಂದು ಡಿಸಿಯ ಬದಲಾವಣೆ ಇನ್ನೊಂದಕ್ಕೆ ತಲುಪುವುದು) ಕ್ಷಣಗಳ ಮಾತು. ಬೇರೆ ಸೈಟ್‌ನಲ್ಲಿದ್ದರೆ ಡಿಫಾಲ್ಟ್ ಅಂತರ 180 ನಿಮಿಷ, ಅಷ್ಟು ಹೊತ್ತು ಕಾಯಬೇಕಾದೀತು.

ಕೇಬಲ್_ಗಂಟು:

ಧನ್ಯವಾದ. ಪಿಎಸ್‌ಒ ಮಾಡಿದ ಮೇಲೆ ಟೆಸ್ಟ್ ಯೂಸರ್‌ಗೆ 14 ಅಕ್ಷರ ಕಡ್ಡಾಯವಾಗಿದೆ. ಇನ್ನೆರಡು ಪ್ರಶ್ನೆ. ಉದ್ದ ಸರಿ ಇದ್ದು, ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಇದ್ದರೂ ಕೆಲವು ಪಾಸ್‌ವರ್ಡ್‌ಗಳನ್ನು 'ಕಾಂಪ್ಲೆಕ್ಸಿಟಿ ಸಾಲದು' ಎಂದು ತಳ್ಳುತ್ತಿದೆ. ಮತ್ತೆ, 90 ದಿನವನ್ನು ಇವತ್ತೇ ಆನ್ ಮಾಡಿದರೆ ಎಲ್ಲರಿಗೂ ಇವತ್ತಿನಿಂದ 90 ದಿನ ಸಿಗುತ್ತದೆಯೇ?

ಡಿಸಿ_ಕಾವಲು:

ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅದು ಅಪಾಯದ್ದು: ಸಿಗುವುದಿಲ್ಲ. ಇವತ್ತಿನಿಂದ ಎಣಿಕೆ ಶುರುವಾಗುವುದಿಲ್ಲ. ಕೊನೆಯ ಸಲ ಪಾಸ್‌ವರ್ಡ್ ಬದಲಿಸಿದ ದಿನಕ್ಕೆ 90 ಕೂಡಿಸಿ ನೋಡುತ್ತದೆ. ನಿಮ್ಮಲ್ಲಿ ಈವರೆಗೆ ಅವಧಿಯೇ ಇರಲಿಲ್ಲ, ಹಾಗಾಗಿ ಬಹುಪಾಲು ಜನ ಬದಲಿಸಿ ವರ್ಷಗಳಾಗಿರುತ್ತವೆ. ಆನ್ ಮಾಡಿದ ಕ್ಷಣ ಅವರೆಲ್ಲರ ಪಾಸ್‌ವರ್ಡ್ ಒಟ್ಟಿಗೆ ಎಕ್ಸ್‌ಪೈರ್. ಆಫೀಸಿನಲ್ಲಿ ಇರುವವರು ಲಾಗಿನ್ ಪರದೆಯಲ್ಲೇ ಹೊಸದು ಕೊಟ್ಟು ಮುಂದೆ ಹೋಗುತ್ತಾರೆ. ಮನೆಯಿಂದ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರ ಪಾಡು ಬೇರೆ. ಲ್ಯಾಪ್‌ಟಾಪ್ ತನ್ನಲ್ಲಿ ಕ್ಯಾಶ್ ಆದ ಹಳೆಯ ಪಾಸ್‌ವರ್ಡ್‌ನಲ್ಲೇ ತೆರೆಯುತ್ತದೆ, ಆದರೆ ವಿಪಿಎನ್ ಡಿಸಿಯನ್ನು ಕೇಳಿ 'ಮುಗಿದಿದೆ' ಎಂದು ಬಾಗಿಲು ಹಾಕುತ್ತದೆ. ವಿಪಿಎನ್ ಇಲ್ಲದೆ ಡಿಸಿ ಸಿಗದು, ಡಿಸಿ ಸಿಗದೆ ಪಾಸ್‌ವರ್ಡ್ ಬದಲಾಗದು.

ಪಿಎಸ್‌ಒ ಗ್ರೂಪ್ ಆಧಾರಿತ ಎನ್ನುವುದನ್ನೇ ಇಲ್ಲಿ ಉಪಯೋಗಿಸಿಕೊಳ್ಳಿ. 90 ದಿನದ ಪಿಎಸ್‌ಒ ಸಿದ್ಧವಿಟ್ಟು, ಗ್ರೂಪ್‌ಗೆ ದಿನಕ್ಕೆ 10–15 ಜನರಂತೆ ಸೇರಿಸುತ್ತ ಹೋಗಿ. ಸೇರಿಸುವ ಹಿಂದಿನ ದಿನ ತಿಳಿಸಿ. ಲ್ಯಾಪ್‌ಟಾಪ್‌ನವರನ್ನು ಅವರು ಆಫೀಸಿಗೆ ಬಂದ ದಿನ ಸೇರಿಸಿ, ಇಲ್ಲವೇ ವಿಪಿಎನ್ ಕೂಡಿಸಿಕೊಂಡಿರುವಾಗಲೇ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಮೊದಲೇ ಬದಲಿಸಲು ಹೇಳಿ. ಖಾತೆಯ ಮೇಲೆ 'ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್' ಗುರುತು ಇದ್ದರೆ ಪಿಎಸ್‌ಒದ 90 ದಿನ ಅವರಿಗೆ ತಾಗುವುದಿಲ್ಲ, ಆ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ಸಾಮಾನ್ಯವಾಗಿ ಅದರಲ್ಲಿ ಮ್ಯಾನೇಜರ್‌ಗಳ ಹೆಸರೇ ಹೆಚ್ಚು.

ಉದ್ದದ ನಿಯಮ ಇದಕ್ಕೆ ತದ್ವಿರುದ್ಧ. ಈಗ ಇರುವ 8 ಅಕ್ಷರದ ಪಾಸ್‌ವರ್ಡ್ ಹಾಗೇ ನಡೆಯುತ್ತದೆ, ಮುಂದಿನ ಸಲ ಬದಲಿಸುವಾಗ ಮಾತ್ರ 14 ಕೇಳುತ್ತದೆ. ಡಿಸಿಯಲ್ಲಿರುವುದು ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ, ಹಿಂದಕ್ಕೆ ಬಿಡಿಸಲಾಗದ ಸಂಕೇತ), ಅದನ್ನು ನೋಡಿ ಉದ್ದ ಹೇಳಲು ಬರುವುದಿಲ್ಲ.

'ಇನ್ನು ಇಷ್ಟು ದಿನದಲ್ಲಿ ಮುಗಿಯುತ್ತದೆ' ಎಂಬ ಎಚ್ಚರಿಕೆ ಡಿಫಾಲ್ಟ್ ಆಗಿ 5 ದಿನ ಮೊದಲು ಬರುತ್ತದೆ. ಅದನ್ನು 14 ಮಾಡಿ. ಆ ಸೆಟ್ಟಿಂಗ್ 'ಸೆಕ್ಯುರಿಟಿ ಆಪ್ಶನ್ಸ್' ಕೆಳಗಿನ 'ಇಂಟರಾಕ್ಟಿವ್ ಲಾಗಾನ್' ಸಾಲಿನಲ್ಲಿದೆ. ಎಚ್ಚರಿಕೆ ತೋರಿಸುವುದು ಯೂಸರ್ ಕೂತ ಪಿಸಿ, ಹಾಗಾಗಿ ಇದು ನಿಮ್ಮ ಒಯು ಜಿಪಿಒದಿಂದಲೇ ಸರಿಯಾಗಿ ನಡೆಯುತ್ತದೆ.

ಪ್ಯಾಚ್_ಪ್ಯಾನೆಲ್:

ಕಾಂಪ್ಲೆಕ್ಸಿಟಿ ಬಗ್ಗೆ: ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ, ಮತ್ತು ದೊಡ್ಡ-ಸಣ್ಣ ಭೇದವಿಲ್ಲದ ಯೂನಿಕೋಡ್ ಅಕ್ಷರ, ಈ ಐದು ವರ್ಗಗಳಲ್ಲಿ ಮೂರು ಇರಬೇಕು. ಅದು ಸರಿ ಇದ್ದೂ ತಳ್ಳುತ್ತಿದೆ ಎಂದರೆ ಪಾಸ್‌ವರ್ಡ್‌ನಲ್ಲಿ ಅವರ ಹೆಸರು ಇರಬೇಕು. ಲಾಗಿನ್ ಹೆಸರು ಪೂರ್ತಿಯಾಗಿ ಪಾಸ್‌ವರ್ಡ್‌ನೊಳಗೆ ಬರುವಂತಿಲ್ಲ. ಡಿಸ್‌ಪ್ಲೇ ನೇಮನ್ನು ಚುಕ್ಕೆ, ಅಲ್ಪವಿರಾಮ, ಹೈಫನ್, ಅಂಡರ್‌ಸ್ಕೋರ್, ಖಾಲಿ ಜಾಗ ಇತ್ಯಾದಿ ಸಿಕ್ಕಲ್ಲಿ ತುಂಡು ಮಾಡಿ, 3 ಅಥವಾ ಹೆಚ್ಚು ಅಕ್ಷರದ ಪ್ರತಿ ತುಂಡನ್ನೂ ಹುಡುಕುತ್ತದೆ, ದೊಡ್ಡ-ಸಣ್ಣ ಅಕ್ಷರ ಲೆಕ್ಕಿಸದೆ. ನಮ್ಮ ಕಡೆಯ ಹೆಸರುಗಳ ಇನಿಷಿಯಲ್ ಒಂದೆರಡು ಅಕ್ಷರದ್ದು, ಅವು ಲೆಕ್ಕಕ್ಕಿಲ್ಲ. ಆದರೆ 'ಕೆ. ಎಸ್. ರಮೇಶ' ಎಂಬವರ ಡಿಸ್‌ಪ್ಲೇ ನೇಮ್‌ನಲ್ಲಿ 'ರಮೇಶ' ಒಂದು ತುಂಡು, ಅದು ಎಲ್ಲೇ ಬಂದರೂ ತಿರಸ್ಕಾರ. ಡಿಸ್‌ಪ್ಲೇ ನೇಮ್‌ನಲ್ಲಿ ಸೆಕ್ಷನ್ ಹೆಸರೋ ಊರಿನ ಹೆಸರೋ ಸೇರಿಸುವ ರೂಢಿ ಇದ್ದರೆ ಆ ಪದವೂ ನಿಷಿದ್ಧವಾಗುತ್ತದೆ. ಪರದೆ ಮೇಲಿನ ಸಂದೇಶ ಇದ್ಯಾವುದನ್ನೂ ಬಿಡಿಸಿ ಹೇಳುವುದಿಲ್ಲ.

ಅದೇ ದಿನ ಎರಡನೇ ಸಲ ಬದಲಿಸಲು ಹೋದರೂ ಇದೇ ಸಂದೇಶ ಬರುತ್ತದೆ. ಅದಕ್ಕೆ ಕಾರಣ ಕನಿಷ್ಠ ಅವಧಿ 1 ದಿನ ಇರುವುದು. ಹೆಲ್ಪ್‌ಡೆಸ್ಕ್‌ನವರು ರಿಸೆಟ್ ಮಾಡಿದರೆ ಕನಿಷ್ಠ ಅವಧಿ, ಹಿಸ್ಟರಿ ಎರಡೂ ಅಡ್ಡ ಬರುವುದಿಲ್ಲ, ಉದ್ದ ಮತ್ತು ಕಾಂಪ್ಲೆಕ್ಸಿಟಿ ಮಾತ್ರ ನೋಡುತ್ತದೆ. ರಿಸೆಟ್ ಮಾಡುವಾಗ 'ಮುಂದಿನ ಲಾಗಿನ್‌ನಲ್ಲಿ ಬದಲಿಸಬೇಕು' ಗುರುತು ಹಾಕಿ, ಆಗ ಅದೇ ದಿನ ಬದಲಿಸಲು ತೊಡಕಿಲ್ಲ.

ಕನ್ನಡ ಅಕ್ಷರ ಆ ಐದನೇ ವರ್ಗಕ್ಕೆ ಸೇರುತ್ತದೆ, ಅಂಕಿ, ಚಿಹ್ನೆ ಸೇರಿಸಿದರೆ ನಿಯಮದ ಪ್ರಕಾರ ಕನ್ನಡದಲ್ಲೇ ಪಾಸ್‌ವರ್ಡ್ ಇಡಬಹುದು. ಇಡಬೇಡಿ. ಲಾಗಿನ್ ಪರದೆಯಲ್ಲಿ ಕನ್ನಡ ಕೀಬೋರ್ಡ್ ಇಲ್ಲದ ಪಿಸಿಯ ಮುಂದೆ ಕೂತರೆ ಮುಗಿಯಿತು. ಕಣ್ಣಿಗೆ ಒಂದೇ ಥರ ಕಾಣುವ ಪದ ಬೇರೆ ಬೇರೆ ಕೀಬೋರ್ಡ್‌ನಲ್ಲಿ ಬೇರೆ ಯೂನಿಕೋಡ್ ಸರಣಿಯಾಗಿಯೂ ಹೋಗಬಹುದು, ನಡುವೆ ಕಾಣದ ಜಾಯಿನರ್ ಸೇರಿಕೊಂಡರೆ ಸಾಕು. ಪರದೆಯ ಮೇಲೆ ಚುಕ್ಕೆಗಳಷ್ಟೇ ಕಾಣುವುದರಿಂದ ತಪ್ಪು ಎಲ್ಲಿ ಎಂದು ಹುಡುಕುವುದು ಸಾಧ್ಯವೇ ಇಲ್ಲ. ಕನ್ನಡದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ 14 ದಾಟುತ್ತದೆ, ಮರೆಯುವುದೂ ಇಲ್ಲ.

ಬಯಲುಸೀಮೆ_ಅಡ್ಮಿನ್:

90 ದಿನ ಬ್ಯಾಡ ಅಂತೀನಿ ನಾನು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಾಗೇ ಕಾರಣ ಇಲ್ಲದ ನಿಗದಿತ ಬದಲಾವಣೆ ಬ್ಯಾಡ ಅಂದದ, ಮೈಕ್ರೋಸಾಫ್ಟ್ 2019ರಾಗ ತನ್ನ ಬೇಸ್‌ಲೈನ್‌ನಿಂದ (ಶಿಫಾರಸು ಸೆಟ್ಟಿಂಗ್‌ಗಳ ಪಟ್ಟಿ) ಎಕ್ಸ್‌ಪೈರಿ ತಗದು ಹಾಕಿತು. ಮೂರು ತಿಂಗಳಿಗೊಮ್ಮೆ ಬದಲಿಸು ಅಂದ್ರ ಮಂದಿ ಏನು ಮಾಡ್ತಾರ? ಕೊನೀ ಅಂಕಿ 1 ಇದ್ದದ್ದು 2 ಮಾಡ್ತಾರ. ಹಿಸ್ಟರಿ 24 ಇಟ್ರೂ ಇದನ್ನ ಹಿಡಿಯಂಗಿಲ್ಲ, ಹ್ಯಾಶ್ ಬ್ಯಾರೆ ಆಯ್ತಲ್ಲ. 'ಕರ್ನಾಟಕ@123' ಥರದ್ದು ಕಾಂಪ್ಲೆಕ್ಸಿಟಿನ ಆರಾಮ ದಾಟ್ತದ. ಅದನ್ನ ತಡೀಬೇಕಂದ್ರ ನಿಷಿದ್ಧ ಪದಗಳ ಪಟ್ಟಿ ಬೇಕು. ಮೈಕ್ರೋಸಾಫ್ಟ್‌ನ ಎಂಟ್ರಾ ಪಾಸ್‌ವರ್ಡ್ ಪ್ರೊಟೆಕ್ಷನ್ ಏಜೆಂಟ್ ಡಿಸಿ ಮ್ಯಾಲೆ ಹಾಕಿದ್ರ ನಮ್ಮದೇ 1000 ಪದ ಸೇರಿಸಬಹುದು: ಊರು, ಕಂಪನಿ ಹೆಸರು, ದೇವರ ಹೆಸರು. ಲೈಸೆನ್ಸ್ ಪಿ1 ಬೇಕಾಗ್ತದ.

ಡಿಸಿ_ಕಾವಲು:

ತತ್ವಕ್ಕೆ ಒಪ್ಪುತ್ತೇನೆ, ಆದರೆ ಆಡಿಟ್ ಯಾವ ಮಾನದಂಡದ್ದು ಎಂದು ಮೊದಲು ಕೇಳಿ. ಕಾರ್ಡ್ ಪಾವತಿಗೆ ಸಂಬಂಧಪಟ್ಟ ಪಿಸಿಐ ಡಿಎಸ್‌ಎಸ್ 4.0.1 ಆದರೆ ಕನಿಷ್ಠ 12 ಅಕ್ಷರ. 90 ದಿನದ ಷರತ್ತು ಇರುವುದು ಪಾಸ್‌ವರ್ಡ್ ಒಂದೇ ಕೀಲಿಯಾಗಿರುವಲ್ಲಿ. ಎರಡನೇ ಅಂಶವಾಗಿ ಫೋನ್ ಆ್ಯಪೋ ಟೋಕನ್ನೋ ಇದ್ದರೆ ಮಾತುಕತೆಗೆ ಜಾಗ ಇದೆ. ಅದು ಇಲ್ಲದೆ ಎಕ್ಸ್‌ಪೈರಿ ಮಾತ್ರ ತೆಗೆದು ಹಾಕುವುದು ಅರ್ಧ ಸಲಹೆ ಪಾಲಿಸಿದಂತೆ: ಎನ್‌ಐಎಸ್‌ಟಿ ಹೇಳಿದ್ದರಲ್ಲಿ ಸೋರಿಕೆಯ ಸುಳಿವು ಸಿಕ್ಕರೆ ತಕ್ಷಣ ಬದಲಿಸಬೇಕು, ಸೋರಿದ ಪಾಸ್‌ವರ್ಡ್‌ಗಳ ಪಟ್ಟಿಯೊಂದಿಗೆ ಹೋಲಿಸಬೇಕು ಎನ್ನುವುದೂ ಇದೆ.

5 ಸಲಕ್ಕೆ ಲಾಕ್ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪಿಸಿಐ ಕೂಡ 10ರವರೆಗೆ ಬಿಡುತ್ತದೆ, ಲಾಕ್ ಕನಿಷ್ಠ 30 ನಿಮಿಷ ಇರಲಿ ಎನ್ನುತ್ತದೆ. 5 ಇಟ್ಟರೆ ಪಾಸ್‌ವರ್ಡ್ ಬದಲಿಸಿದ ಮರುದಿನ ಹೆಲ್ಪ್‌ಡೆಸ್ಕ್‌ಗೆ ಫೋನ್ ಮಳೆ. ಊಹಿಸುವವರಿಗಿಂತ ಹೆಚ್ಚಾಗಿ ಲಾಕ್ ಮಾಡುವುದು ಹಳೆಯ ಪಾಸ್‌ವರ್ಡ್ ಹಿಡಿದುಕೊಂಡ ಯಂತ್ರಗಳು: ಆಫೀಸ್ ಮೇಲ್ ಇರುವ ಫೋನ್, ಕ್ರೆಡೆನ್ಶಿಯಲ್ ಮ್ಯಾನೇಜರ್, ಪಾಸ್‌ವರ್ಡ್ ಸೇವ್ ಮಾಡಿ ಮ್ಯಾಪ್ ಮಾಡಿದ ಡ್ರೈವ್, ಶೆಡ್ಯೂಲ್ಡ್ ಟಾಸ್ಕ್, ಸರ್ವರ್‌ನಲ್ಲಿ ಡಿಸ್‌ಕನೆಕ್ಟ್ ಮಾಡಿ ಬಿಟ್ಟ ರಿಮೋಟ್ ಡೆಸ್ಕ್‌ಟಾಪ್ ಸೆಷನ್. ಕೊನೆಯ ಎರಡು ಹಳೆಯ ಪಾಸ್‌ವರ್ಡ್‌ಗಳನ್ನು ಕೊಟ್ಟರೆ ಡಿಸಿ ಅದನ್ನು ತಪ್ಪೆಂದು ಎಣಿಸುವುದಿಲ್ಲ, ಆದರೆ ಅದಕ್ಕಿಂತ ಹಳೆಯದು ಎಲ್ಲೋ ಕೂತಿದ್ದರೆ ಎಣಿಕೆ ಏರುತ್ತದೆ. ಈ ವಿನಾಯಿತಿ ಹಿಸ್ಟರಿಯನ್ನು ಆಧರಿಸಿದ್ದು, ಹಿಸ್ಟರಿ 0 ಇದ್ದರೆ ಇದೂ ಇಲ್ಲ.

ಲಾಕ್ ಆದವರ ಮೂಲ ಹುಡುಕಲು ಪಿಡಿಸಿ ಎಮ್ಯುಲೇಟರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ ಈವೆಂಟ್ 4740 ತೆಗೆಯಿರಿ, 'ಕಾಲರ್ ಕಂಪ್ಯೂಟರ್ ನೇಮ್' ಸಾಲಿನಲ್ಲಿ ಯಂತ್ರದ ಹೆಸರಿರುತ್ತದೆ. ಆ ಯಂತ್ರಕ್ಕೆ ಹೋಗಿ 4625 (ವಿಫಲ ಲಾಗಿನ್ ದಾಖಲೆ) ನೋಡಿದರೆ ಯಾವ ಪ್ರೋಗ್ರಾಂ ಎಂದು ತಿಳಿಯುತ್ತದೆ. ಯಂತ್ರದ ಹೆಸರು ಮೇಲ್ ಸರ್ವರ್‌ದೇ ಆಗಿದ್ದರೆ ಅಪರಾಧಿ ಬಹುತೇಕ ಫೋನ್. ಎಲ್ಲ ಡಿಸಿಗಳಲ್ಲಿ ಆಡಿಟಿಂಗ್ ಆನ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಲಾಗ್ ಖಾಲಿ.

ಪ್ಯಾಚ್_ಪ್ಯಾನೆಲ್:

ಅಕೌಂಟ್ಸ್ ಸಾಫ್ಟ್‌ವೇರ್‌ನ ಸರ್ವಿಸ್ ಯಾವುದಾದರೂ ಆ ಸೆಕ್ಷನ್‌ನ ಒಬ್ಬರ ಖಾತೆಯಲ್ಲಿ ಓಡುತ್ತಿದ್ದರೆ ಪಾಸ್‌ವರ್ಡ್ ಎಕ್ಸ್‌ಪೈರ್ ಆದ ಮೇಲೆ ಅದು ಮತ್ತೆ ಶುರುವಾಗುವುದಿಲ್ಲ. ಗ್ರೂಪ್‌ಗೆ ಹೆಸರು ಸೇರಿಸುವ ಮೊದಲು ಸರ್ವರ್‌ಗಳ 'ಸರ್ವಿಸಸ್' ಪಟ್ಟಿಯಲ್ಲಿ 'ಲಾಗ್ ಆನ್ ಆ್ಯಸ್' ಕಾಲಂ ಮೇಲೆ ಕಣ್ಣಾಡಿಸಿ. ಅಂಥದ್ದು ಸಿಕ್ಕರೆ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್‌ಗೆ (ಸರ್ವಿಸ್‌ಗಳಿಗೆಂದೇ ಇರುವ ಖಾತೆ) ದಾಟಿಸಿ, ಅದರ ಪಾಸ್‌ವರ್ಡನ್ನು ಡೊಮೈನೇ 30 ದಿನಕ್ಕೊಮ್ಮೆ ಬದಲಿಸಿಕೊಳ್ಳುತ್ತದೆ. ಸಾಫ್ಟ್‌ವೇರ್ ಅದನ್ನು ಒಪ್ಪದಿದ್ದರೆ ಆ ಸರ್ವಿಸ್‌ಗೆ ಪ್ರತ್ಯೇಕ ಖಾತೆ ಮಾಡಿ, 25ಕ್ಕೂ ಹೆಚ್ಚು ಅಕ್ಷರದ ಪಾಸ್‌ವರ್ಡ್ ಕೊಟ್ಟು, ಅದಕ್ಕೆ ಬೇರೆ ಪಿಎಸ್‌ಒ ಇಡಿ. ಜಿಪಿಒದ ಪರದೆಯಲ್ಲಿ ಕನಿಷ್ಠ ಉದ್ದ ಮಾಮೂಲಾಗಿ 14ಕ್ಕೆ ನಿಲ್ಲುತ್ತದೆ, ಪಿಎಸ್‌ಒದಲ್ಲಿ ಆ ಗೋಡೆ ಇಲ್ಲ.

ಪಿಸಿಗಳ ಲೋಕಲ್ ಅಡ್ಮಿನಿಸ್ಟ್ರೇಟರ್‌ಗೆ ಪಿಎಸ್‌ಒ ತಾಗುವುದಿಲ್ಲ, ಅದು ಡೊಮೈನ್ ಖಾತೆ ಅಲ್ಲವಲ್ಲ. 140 ಪಿಸಿಗೂ ಒಂದೇ ಲೋಕಲ್ ಪಾಸ್‌ವರ್ಡ್ ಇದ್ದರೆ ಅಕೌಂಟ್ಸ್‌ನವರ 14 ಅಕ್ಷರದಿಂದ ಹೆಚ್ಚು ಪ್ರಯೋಜನವಿಲ್ಲ. ವಿಂಡೋಸ್ ಲ್ಯಾಪ್ಸ್ 2023ರ ಏಪ್ರಿಲ್ ಅಪ್‌ಡೇಟ್‌ನಿಂದ ವಿಂಡೋಸ್‌ನೊಳಗೇ ಬಂದಿದೆ, ಪ್ರತಿ ಪಿಸಿಗೂ ಬೇರೆ ಪಾಸ್‌ವರ್ಡ್ ಇಟ್ಟು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಕಾಯುತ್ತದೆ. ಮೊದಲು ಡೈರೆಕ್ಟರಿಯ ಸ್ಕೀಮಾ (ಯಾವ ಮಾಹಿತಿ ಇಡಬಹುದು ಎಂಬ ರಚನೆ) ವಿಸ್ತರಿಸಿ, ಒಯುನ ಕಂಪ್ಯೂಟರ್‌ಗಳಿಗೆ ತಮ್ಮ ಪಾಸ್‌ವರ್ಡ್ ಬರೆಯುವ ಹಕ್ಕು ಕೊಟ್ಟು, ನಂತರ ಜಿಪಿಒ ಆನ್ ಮಾಡಿ. ಹಕ್ಕು ಕೊಡದೆ ಜಿಪಿಒ ಹಾಕಿದರೆ ಡೈರೆಕ್ಟರಿಗೆ ಏನೂ ಬಂದು ಸೇರುವುದಿಲ್ಲ, ಕಾರಣ ಆ ಪಿಸಿಯ 'ಲ್ಯಾಪ್ಸ್' ಈವೆಂಟ್ ಲಾಗ್‌ನಲ್ಲಿ ಸಿಗುತ್ತದೆ.